ಮೂರನೇ ಲೈನಿಗೆ ಕಾರ್ಡಿಲ್ಲ

ಜಯಶೀಲಳಿಗೆ ಕ್ರೆಡಿಟ್ ಕಾರ್ಡು ಕೊಡುವುದಿಲ್ಲ ಎಂದು ತೀರ್ಮಾನಿಸಲು ತಕ್ಕಡಿಗೆ ಮೂರು ಸೆಕೆಂಡು ಸಾಕಾಯಿತು.

ಬೆಳಗಿನ ನೀರು ಬಿಟ್ಟು ಮುಗಿಸಿ, ಪಂಪ್‌ಹೌಸಿನ ಕಲ್ಲುಬೆಂಚಿನ ಮೇಲೆ ಕೂತು ಅವಳು ಫೋನಿನಲ್ಲಿ ಅರ್ಜಿ ತುಂಬಿದ್ದಳು. ಹೆಸರು, ಕೆಲಸ, ಸಂಬಳ, ಮನೆಯ ವಿಳಾಸ. ಕೊನೆಯಲ್ಲಿ ಹೆಬ್ಬೆರಳು ಒತ್ತಿದಳು. ಪಕ್ಕದಲ್ಲಿಟ್ಟಿದ್ದ ಚಹಾದ ಲೋಟ ಎತ್ತಿಕೊಳ್ಳುವಷ್ಟರಲ್ಲಿ ಉತ್ತರ ಬಂದಿತ್ತು. ‘ಕ್ಷಮಿಸಿ, ನಿಮ್ಮ ಅರ್ಜಿಯನ್ನು ಪುರಸ್ಕರಿಸಲಾಗುತ್ತಿಲ್ಲ.’ ಅದರ ಕೆಳಗೇ ಹಸಿರು ಅಕ್ಷರದಲ್ಲಿ ಇನ್ನೊಂದು ಸಾಲು. ‘ನಿಮ್ಮ ಅಂಕ ಸಾವಿರಕ್ಕೆ ಒಂಬೈನೂರ ಅರವತ್ತೆರಡು. ಅತ್ಯುತ್ತಮ.’

ಅವಳು ಎರಡು ಸಾಲನ್ನೂ ಮತ್ತೆ ಮತ್ತೆ ಓದಿದಳು. ಮಗು ನೂರಕ್ಕೆ ತೊಂಬತ್ತಾರು ತೆಗೆದು ನಪಾಸಾದ ಹಾಗಿತ್ತು ಅದು.

ಹೊನ್ನೇಕಲ್ಲಿನ ಪಟ್ಟಣ ಪಂಚಾಯಿತಿಯಲ್ಲಿ ಜಯಶೀಲ ಇಪ್ಪತ್ತೆರಡು ವರ್ಷದಿಂದ ನೀರಗಂಟಿ. ಊರಿಗೆ ನೀರು ಹರಿಸುವ ಇಪ್ಪತ್ತನಾಲ್ಕು ವಾಲ್ವುಗಳನ್ನು ತಿರುಗಿಸುವವಳು ಅವಳೇ, ಪೈಪು ಒಡೆದರೆ ಮೊದಲು ಓಡುವವಳೂ ಅವಳೇ. ಅವಳ ಹಳೆಯ ಸ್ಕೂಟರು ಆ ತಿಂಗಳು ಕೈಕೊಟ್ಟಿತ್ತು. ಆ ಕಾಲಕ್ಕೆ ಹೊಸ ಗಾಡಿಗಳಿಗೆ ಬ್ಯಾಟರಿಯನ್ನು ಮಾರುತ್ತಿರಲಿಲ್ಲ, ಬಾಡಿಗೆಗೆ ಕೊಡುತ್ತಿದ್ದರು. ಕಾರ್ಡು ಇದ್ದವರಿಗೆ ಮಾತ್ರ. ಹಾಗಾಗಿ ಜನ್ಮದಲ್ಲಿ ಕಾರ್ಡಿನ ಗೋಜಿಗೆ ಹೋಗದವಳು ಅರ್ಜಿ ಹಾಕಿದ್ದಳು.

ಕಾರ್ಡು ಯಾರಿಗೆ ಕೊಡಬೇಕು, ಯಾರಿಗೆ ಕೂಡದು ಎಂದು ಹೇಳುತ್ತಿದ್ದದ್ದು ಬ್ಯಾಂಕಿನ ಮ್ಯಾನೇಜರರಲ್ಲ. ಆ ಕಾಲವೇ ಹೋಗಿತ್ತು. ಬೆಂಗಳೂರಿನ ಒಂದು ಕಂಪನಿ ಕಟ್ಟಿದ ಯಂತ್ರ ದೇಶದ ಎಲ್ಲ ಬ್ಯಾಂಕುಗಳ ಪರವಾಗಿ ಜನರನ್ನು ತೂಗುತ್ತಿತ್ತು. ಅದರ ಹೆಸರು ತಕ್ಕಡಿ. ಮನುಷ್ಯನ ಕೊಡುಕೊಳೆಯನ್ನಷ್ಟೇ ನೋಡಿದರೆ ಸಾಲದೆಂದು ಅದಕ್ಕೆ ಸಾವಿರದ ನಾನೂರು ಬಗೆಯ ಮಾಹಿತಿ ಉಣಿಸಿದ್ದರು. ಮಳೆಯ ಲೆಕ್ಕ, ಆಸ್ಪತ್ರೆಯ ಸಾಲು, ರಸ್ತೆಯ ಸಂಚಾರ, ಆಕಾಶದಿಂದ ಇಳಿಯುವ ಚಿತ್ರ. ಯಾವುದರಿಂದ ಏನು ತಿಳಿಯಬೇಕೆಂದು ಯಾರೂ ಅದಕ್ಕೆ ಕಲಿಸಿರಲಿಲ್ಲ. ತಾನೇ ಕಲಿತಿತ್ತು. ತನ್ನ ತೀರ್ಮಾನಕ್ಕೆ ಕಾರಣವನ್ನು ಅದು ಹೇಳುತ್ತಲೂ ಇರಲಿಲ್ಲ.

ಮಧ್ಯಾಹ್ನ ಊಟಕ್ಕೆ ಮನೆಗೆ ಬಂದಾಗ ಜಯಶೀಲ ಗಂಡನಿಗೆ ವಿಷಯ ಹೇಳಿದಳು. ಪಾಲಯ್ಯನದು ಮನೆಯ ಮುಂದೆಯೇ ಪಂಕ್ಚರ್ ಅಂಗಡಿ. ಮುದ್ದೆ ಮುರಿಯುತ್ತಿದ್ದವನು ಕೈ ನಿಲ್ಲಿಸಿದ.

“ವಿಳಾಸ ಏನಂತ ಬರೆದೆ?”

“ಇದ್ದದ್ದೇ. ಮೂರನೇ ಲೈನು, ಗಣಿ ಕಾಲೊನಿ.”

“ಅಲ್ಲೇ ಐತಲ್ಲ ಕಾರಣ.” ಅವನ ದನಿ ಏರಲಿಲ್ಲ. “ಮೂರನೇ ಲೈನು ಅಂದ್ರೆ ಯಾರಿರೋದು ಅಂತ ಲೋಕಕ್ಕೇ ಗೊತ್ತು. ನಮ್ಮಜ್ಜನ ಕಾಲದಲ್ಲಿ ಹೋಟ್ಲೊಳಗೆ ಬಿಡ್ತಿರಲಿಲ್ಲ. ಈಗ ಯಂತ್ರದೊಳಗೆ ಬಿಡಲ್ಲ.”

ಜಯಶೀಲಳ ಬಾಯಲ್ಲಿ ತುತ್ತು ಹಾಗೇ ಉಳಿಯಿತು. ಆ ಯೋಚನೆ ಅವಳಿಗೂ ಬಂದಿತ್ತು. ಗಂಡನ ಬಾಯಲ್ಲಿ ಕೇಳಿದಾಗ ಮಾತ್ರ ಮೈಯೆಲ್ಲ ಬಿಸಿಯಾಯಿತು.

ಹೊನ್ನೇಕಲ್ಲು ಒಂದು ಕಾಲಕ್ಕೆ ಚಿನ್ನದ ಗಣಿಯ ಊರು. ಗಣಿ ಮುಚ್ಚಿ ಐವತ್ತು ವರ್ಷ ದಾಟಿತ್ತು. ಕೆಳಗಿಳಿದು ಕಲ್ಲು ಒಡೆದವರ ಮಕ್ಕಳು, ಮೊಮ್ಮಕ್ಕಳು ಈಗಲೂ ಕಂಪನಿ ಕಟ್ಟಿಸಿದ ಸಾಲುಮನೆಗಳಲ್ಲೇ ಇದ್ದರು. ಊರಿನವರು ಆ ಸಾಲುಗಳನ್ನು ಲೈನು ಎನ್ನುತ್ತಿದ್ದರು.

“ಇನ್ಯಾರಿಗಾದ್ರೂ ಹಿಂಗಾಗೈತಾ?” ಎಂದು ಅವಳು ಕೇಳಿದಳು.

ಪಾಲಯ್ಯ ತಲೆ ತಗ್ಗಿಸಿದ. “ನಂಗೇ ಆಗೈತೆ. ಹೋದ ವರ್ಷ ಹಾಕಿದ್ದೆ. ಹೇಳಲಿಲ್ಲ.”

ಇಪ್ಪತ್ತು ವರ್ಷ ಒಂದೇ ಸೂರಿನಡಿ ಬಾಳಿದ ಗಂಡ ಒಂದು ವರ್ಷ ಈ ಮಾತನ್ನು ನುಂಗಿಕೊಂಡಿದ್ದ. ಅಂದು ಸಂಜೆ ಅವಳು ನಾಲ್ಕು ಮನೆಗಳಲ್ಲಿ ಮೆತ್ತಗೆ ವಿಚಾರಿಸಿದಳು. ನಾಲ್ಕರಲ್ಲೂ ಮೊದಲು ‘ಇಲ್ಲ’ ಎಂದವರು, ತನ್ನ ಕಥೆ ಹೇಳಿದ ಮೇಲೆ ‘ಹೂಂ, ನಮಗೂ’ ಎಂದರು. ಕಾರ್ಡು ಸಿಗಲಿಲ್ಲವೆಂದು ಪಕ್ಕದ ಮನೆಗೆ ಹೇಳಿಕೊಳ್ಳುವವರು ಯಾರು? ಒಬ್ಬೊಬ್ಬರೂ ತಮ್ಮದೇ ಯಾವುದೋ ಹಳೆಯ ತಪ್ಪನ್ನು ನೆನೆದು ಸುಮ್ಮನಾಗಿದ್ದರು.

ಗೋಡೆಗೆ ಗೋಡೆ ಹಚ್ಚಿದ ಮನೆಯ ಹನುಮಕ್ಕನಿಗೆ ಮಾತ್ರ ಈ ಚಿಂತೆ ಇರಲಿಲ್ಲ. ಎಪ್ಪತ್ತರ ಒಂಟಿ ಮುದುಕಿ, ಆರು ಕೋಳಿ ಸಾಕಿಕೊಂಡಿದ್ದಳು. “ನಂಗೆ ಫೋನೇ ಇಲ್ಲ, ಕಾರ್ಡು ತಗಂಡು ಬೆನ್ನು ಕೆರ್ಕಳ್ಳಾ?” ಎಂದು ನಕ್ಕಳು.

ಆ ಕಾಲದ ಕಾನೂನಿನಲ್ಲಿ ಒಂದು ಕಿಂಡಿಯಿತ್ತು. ಯಂತ್ರ ಯಾರನ್ನಾದರೂ ತಿರಸ್ಕರಿಸಿದರೆ, ಆ ಮನುಷ್ಯ ಖುದ್ದಾಗಿ ಹೋಗಿ ಕಾರಣ ಕೇಳಬಹುದು. ಕಂಪನಿ ಹೇಳಲೇಬೇಕು. ಬೆಂಗಳೂರಿಗೆ ಹೋಗಿಬರುವ ಖರ್ಚಿಗೆ ಹೆದರಿ ಹೆಚ್ಚಿನವರು ಆ ಕಡೆ ತಲೆ ಹಾಕುತ್ತಿರಲಿಲ್ಲ. ಜಯಶೀಲ ಒಂದು ದಿನ ರಜೆ ಬರೆದುಕೊಟ್ಟು ಬಸ್ಸು ಹತ್ತಿದಳು.

ಕಂಪನಿಯ ಕಚೇರಿ ಒಂಬತ್ತನೇ ಮಹಡಿಯಲ್ಲಿತ್ತು. ದೊಡ್ಡ ಹಜಾರದ ಗೋಡೆಯ ತುಂಬ ದೇಶದ ನಕ್ಷೆ, ಅದರ ಮೇಲೆ ಕ್ಷಣಕ್ಷಣಕ್ಕೂ ಹೊತ್ತಿ ಆರುವ ಚುಕ್ಕೆಗಳು. ಹಸಿರು ಎಂದರೆ ಕೊಟ್ಟಿತು, ಕೆಂಪು ಎಂದರೆ ಇಲ್ಲವೆಂದಿತು. ಅಲ್ಲಿ ಮಾತನಾಡುವವರೇ ಇರಲಿಲ್ಲ. ಕಾರಣ ಹೇಳುವ ಕೆಲಸಕ್ಕೆ ನೇಮಿಸಿದ್ದ ರುಬೀನಾ ಎಂಬ ಹೆಣ್ಣುಮಗಳು ಅವಳನ್ನು ಗಾಜಿನ ಕೋಣೆಗೆ ಕರೆದೊಯ್ದಳು. ಮೂವತ್ತರ ವಯಸ್ಸು, ಕಣ್ಣಡಿ ನಿದ್ದೆಗೆಟ್ಟ ಕಪ್ಪು.

“ಕೂತ್ಕೊಳಿ ಮೇಡಂ. ಏನಾಗಿದೆ ನೋಡೋಣ.”

“ನೋಡೋದೇನೈತಮ್ಮ? ನಮ್ಮ ಕೇರಿ ನೋಡಿ ಬ್ಯಾಡ ಅಂದೈತೆ. ಅದನ್ನ ಕಾಗದದಾಗೆ ಬರೆದುಕೊಡಿ, ಸಾಕು.”

ರುಬೀನಾಳ ಮುಖ ಚಿಕ್ಕದಾಯಿತು. “ಜಾತಿಯ ಕಾಲಂ ಇದರಲ್ಲಿ ಇಲ್ಲ ಮೇಡಂ. ಆದರೂ ಬೇರೆ ದಾರಿಯಿಂದ ನುಸುಳಿರಬಹುದು. ನೀವು ಕೇಳೋದು ಸರಿಯಾಗೇ ಇದೆ. ತೆಗೆದೇ ನೋಡ್ತೀನಿ.”

ಅವಳು ಪರದೆಯನ್ನು ಜಯಶೀಲಳಿಗೂ ಕಾಣುವಂತೆ ತಿರುಗಿಸಿದಳು. ಸಾವಿರದ ನಾನೂರು ಸಾಲುಗಳು. ಒಂದೊಂದರ ಮುಂದೆಯೂ ತಕ್ಕಡಿ ಕೊಟ್ಟ ತೂಕ. ಸಾಲುಸಾಲಾಗಿ ಹಸಿರು ಹೋಗುತ್ತಲೇ ಇತ್ತು. ಕೆಲಸ ಹಸಿರು, ಗುಣ ಹಸಿರು, ಆರೋಗ್ಯ ಹಸಿರು. ಜಯಶೀಲಳಿಗೆ ತನ್ನ ಬಾಳನ್ನೇ ಯಾರೋ ಒಣಹಾಕಿದ ಬಟ್ಟೆಯಂತೆ ಹರವಿ ತೋರಿಸುತ್ತಿದ್ದಾರೆ ಎನಿಸಿ ಸೆರಗು ಸರಿಮಾಡಿಕೊಂಡಳು. ಸಾವಿರದ ನಾನೂರರಲ್ಲಿ ಒಂದೇ ಒಂದು ಸಾಲು ಕೆಂಪಗಿತ್ತು. ‘ವಿಳಾಸದ ಬಾಳಿಕೆ.’

“ಇದೇನು?”

“ನನಗೂ ಗೊತ್ತಿಲ್ಲ. ಇದು ನಾವು ಇಟ್ಟ ಕಾಲಂ ಅಲ್ಲ, ಅದೇ ಮಾಡಿಕೊಂಡಿರೋದು. ಯಾವುದರಿಂದ ಮಾಡಿಕೊಂಡಿದೆ ನೋಡೋಣ.” ಬೆರಳು ಓಡಿತು. ಓಡುತ್ತಿದ್ದ ಬೆರಳು ನಿಧಾನವಾಯಿತು. “ಆಕಾಶದಲ್ಲಿ ರಾಡಾರ್ ಉಪಗ್ರಹಗಳಿವೆ ಮೇಡಂ. ಆರು ದಿನಕ್ಕೊಂದು ಸಲ ನಿಮ್ಮ ಊರಿನ ಮೇಲೆ ಹಾದುಹೋಗ್ತವೆ. ನೆಲ ಎಷ್ಟು ಎತ್ತರದಲ್ಲಿದೆ ಅಂತ ಮಿಲಿಮೀಟರ್ ಲೆಕ್ಕದಲ್ಲಿ ಅಳೀತವೆ. ಅದೂ ಇದಕ್ಕೆ ಬರುತ್ತೆ. ಹಾಗೇ ಬೇರೆ ದೇಶಗಳಲ್ಲಿ ಹಳೇ ಗಣಿಗಳ ಮೇಲೆ ಕಟ್ಟಿದ ಊರುಗಳಿಗೆ ಏನಾಯ್ತು ಅನ್ನೋದೂ ಬರುತ್ತೆ. ಎರಡನ್ನೂ ಜೋಡಿಸಿಕೊಂಡಿದೆ.”

“ಜೋಡಿಸಿಕೊಂಡು?”

“ಕಾರ್ಡಿನ ಅವಧಿ ಐದು ವರ್ಷ. ವಿಳಾಸದ ಬಾಳಿಕೆ ಅದಕ್ಕಿಂತ ಕಡಿಮೆ ಇದ್ದರೆ ಇದು ಬೇಡ ಅನ್ನುತ್ತೆ.”

“ನಮ್ಮ ಮನೇದು ಎಷ್ಟೈತೆ?”

“ನಲವತ್ತೊಂದು.”

“ವರ್ಷಾನಾ?”

ರುಬೀನಾ ಪರದೆಯಿಂದ ಕಣ್ಣು ಕೀಳಲಿಲ್ಲ. “ದಿನ,” ಎಂದಳು.

ಜಯಶೀಲಳಿಗೆ ಮೊದಲು ಅರ್ಥವೇ ಆಗಲಿಲ್ಲ. ಅನಂತರ ಮನಸ್ಸಿಗೆ ಬಂದದ್ದು ಅಡುಗೆಮನೆಯ ನೆಲದ ಬಿರುಕು. ಯುಗಾದಿಗೆ ಸಿಮೆಂಟು ತುಂಬಿದ್ದರು, ದಸರೆಗೆ ಮತ್ತೆ ತೆರೆದುಕೊಂಡಿತ್ತು. ಹದಿನೇಳನೇ ವಾಲ್ವಿನ ಪೈಪು ಈ ವರ್ಷ ಒಂಬತ್ತು ಸಲ ಒಡೆದಿತ್ತು. ಕಂಟ್ರಾಕ್ಟರು ಕಳಪೆ ಪೈಪು ಹಾಕಿದ್ದಾನೆಂದು ಅವಳು ಶಾಪ ಹಾಕಿದ್ದಳು. ಕುರ್ಚಿಯ ಮೇಲೆ ಕೂತಿದ್ದರೂ ಕಾಲಡಿಯ ನೆಲ ಇದೆಯೋ ಇಲ್ಲವೋ ಎಂಬಂತೆ ಅವಳು ಪಾದವನ್ನು ಗಟ್ಟಿಯಾಗಿ ಊರಿದಳು.

“ಬೇರೆ ಮನೆಗಳದ್ದು ತೆಗೀರಮ್ಮ. ಪಕ್ಕದ ಮನೇದು, ಎದುರು ಮನೇದು.”

ರುಬೀನಾ ಎದ್ದು ಹೊರಗೆ ಹೋದಳು. ಗಾಜಿನ ಆಚೆ ಅವಳು ಒಬ್ಬ ಹಿರಿಯ ಅಧಿಕಾರಿಯೊಂದಿಗೆ ಕೈ ಆಡಿಸಿ ಮಾತನಾಡುವುದು, ಆತ ಇಲ್ಲವೆಂದು ತಲೆ ಆಡಿಸುವುದು ಕಾಣುತ್ತಿತ್ತು. ಕಾಲು ಗಂಟೆಯ ಮೇಲೆ ತಿರುಗಿ ಬಂದಾಗ ಅವಳ ಕೈಯಲ್ಲಿ ಒಂದೇ ಹಾಳೆಯಿತ್ತು.

“ನಿಮ್ಮ ಮನೆಯ ಕಾರಣ ನಿಮಗೆ ಕೊಡಬಹುದು, ಇನ್ನೊಬ್ಬರದು ಕೊಡೋ ಹಾಗಿಲ್ಲ ಅಂತಾರೆ. ಯಂತ್ರದ ಗುಟ್ಟಂತೆ. ಇದು ಬರೀ ಅಂದಾಜು, ಊರಲ್ಲಿ ಗಾಬರಿ ಎಬ್ಬಿಸಬಾರದು ಅಂತಲೂ ಹೇಳಿದರು.” ಹಾಳೆಯನ್ನು ಕೊಡುವಾಗ ಅವಳು ದನಿ ತಗ್ಗಿಸಿದಳು. “ಆದರೆ ಯಾರು ಅರ್ಜಿ ಹಾಕಿದರೂ ಹೌದು ಇಲ್ಲ ಅಂತ ಅದು ಮೂರು ಸೆಕೆಂಡಲ್ಲಿ ಹೇಳುತ್ತೆ ಮೇಡಂ. ಅದನ್ನ ಯಾರೂ ತಡೆಯೋಕಾಗಲ್ಲ.”

ಬಸ್ಸಿನಲ್ಲಿ ಕೂತು ಅರ್ಧ ದಾರಿ ಕಳೆದ ಮೇಲೆ ಜಯಶೀಲಳಿಗೆ ಆ ಮಾತಿನ ಒಳಾರ್ಥ ತಿಳಿಯಿತು.

ಮಾರನೆಯ ದಿನ ನೀರು ಬಿಡಲು ಹೊರಟವಳು ಬೀದಿಬೀದಿಯಲ್ಲೂ ನಿಂತು ಹೇಳಿದಳು. ಎಲ್ಲರೂ ಒಂದು ಕಾರ್ಡಿಗೆ ಅರ್ಜಿ ಹಾಕಿ. ಬೇಕೋ ಬೇಡವೋ, ಹಾಕಿ. ಏನು ಉತ್ತರ ಬಂತೆಂದು ನನಗೆ ಹೇಳಿ. ಮೊದಮೊದಲು ಜನ ನಕ್ಕರು. ನೀರಗಂಟಿ ಬ್ಯಾಂಕಿನ ಏಜೆಂಟಾದಳೇ ಎಂದರು. ಅವಳು ಹಾಳೆ ತೋರಿಸಿದಳು. ‘ವಿಳಾಸದ ಬಾಳಿಕೆ: ೪೧ ದಿನ’ ಎಂಬುದನ್ನು ಓದಿದವರ ನಗು ಅಲ್ಲಿಗೇ ನಿಂತಿತು. ಓದಲು ಬಾರದವರು ಓದಿದವರ ಮುಖ ನೋಡಿಯೇ ಫೋನು ತೆಗೆದರು.

ಐದು ದಿನದಲ್ಲಿ ನಾನೂರ ಹನ್ನೆರಡು ಮನೆಯವರು ಅರ್ಜಿ ಹಾಕಿದ್ದರು. ಪಂಪ್‌ಹೌಸಿನ ಗೋಡೆಯ ಮೇಲೆ ಊರಿನ ಪೈಪುಗಳ ದೊಡ್ಡ ನಕ್ಷೆಯಿತ್ತು. ಕಾರ್ಡು ಸಿಕ್ಕ ಮನೆಯ ಮೇಲೆ ಜಯಶೀಲ ಬಿಳಿ ಸೀಮೆಸುಣ್ಣದ ಚುಕ್ಕೆ ಇಟ್ಟಳು, ಸಿಗದ ಮನೆಯ ಮೇಲೆ ಕುಂಕುಮದ ಬೊಟ್ಟು. ಕೆಂಪು ಬೊಟ್ಟುಗಳು ಎಂಬತ್ತೆಂಟಾದವು. ಮೂರನೇ ಲೈನಿನಲ್ಲಿ ಶುರುವಾಗಿ, ಅಂಗಡಿ ಸಾಹುಕಾರ ಶೇಷಗಿರಿ ಶೆಟ್ಟರ ಮಾಳಿಗೆಮನೆಯ ಮೇಲೆ ಹಾದು, ಸಂತೆಮಾಳವನ್ನು ದಾಟಿ, ತಾಲೂಕು ಕಚೇರಿಯ ಕ್ವಾರ್ಟರ್ಸಿನವರೆಗೆ ಅವು ಬಾಗಿ ಬಾಗಿ ಸಾಗಿದ್ದವು.

“ಶೆಟ್ರಿಗೂ ಇಲ್ಲ ಅಂದೈತಾ?” ಪಾಲಯ್ಯ ನಕ್ಷೆಯ ಮುಂದೆ ನಿಂತು ಕೇಳಿದ. ಎಷ್ಟು ವರ್ಷದ ಸಿಟ್ಟನ್ನು ಕೂಡಿಟ್ಟುಕೊಂಡಿದ್ದನೋ, ಅದನ್ನು ಈಗ ಎಲ್ಲಿಡಬೇಕೆಂದು ತಿಳಿಯದವನಂತೆ ನಿಂತಿದ್ದ. “ಹಂಗಾದ್ರೆ ಅದು ನಮ್ಮನ್ನ ನೋಡಿ ಬ್ಯಾಡ ಅಂದಿಲ್ಲ.”

“ಹೂಂ. ನೆಲ ನೋಡಿ ಅಂದೈತೆ.”

ನಕ್ಷೆ ನೋಡಲು ಬೋರಯ್ಯನನ್ನು ಪಾಲಯ್ಯನೇ ಕೈಹಿಡಿದು ಕರೆತಂದ. ಎಪ್ಪತ್ತೊಂಬತ್ತರ ಬೋರಯ್ಯ ಊರಿನಲ್ಲಿ ಉಳಿದಿದ್ದ ಕೊನೆಯ ಗಣಿ ಕೆಲಸಗಾರ. ಮುದುಕ ಕನ್ನಡಕ ಹಾಕಿಕೊಂಡು ಗೋಡೆಗೆ ಮೂಗು ತಾಗುವಷ್ಟು ಹತ್ತಿರ ಹೋದ. ಬೊಟ್ಟಿನಿಂದ ಬೊಟ್ಟಿಗೆ ಬೆರಳು ಸಾಗಿಸಿದ. ಸಂತೆಮಾಳದ ತಿರುವಿಗೆ ಬಂದು ಬೆರಳನ್ನು ಅಲ್ಲೇ ಒತ್ತಿಹಿಡಿದ.

“ಇದನ್ನ ಯಾರು ಹೇಳಿದ್ರು ನಿಂಗೆ?”

“ಯಾರೂ ಹೇಳಿಲ್ಲಜ್ಜ. ಕಾರ್ಡು ಸಿಗದೇ ಇರೋ ಮನೆಗಳು ಇವು.”

“ಇದು ಹನ್ನೊಂದನೇ ಸುರಂಗ,” ಎಂದ ಬೋರಯ್ಯ. “ಹನ್ನೊಂದನೇದು ಇರಲೇ ಇಲ್ಲ ಅಂತ ಕಂಪನಿಯವರು ಬರೆದುಕೊಟ್ಟು ಹೋದ್ರು. ಸರ್ಕಾರದ ನಕ್ಷೇಲಿ ಇರೋದು ಹತ್ತೇ. ಗಡಿ ದಾಟಿ ಕಳ್ಳತನದಾಗೆ ತೋಡ್ಸಿದ್ರವ್ವ, ಊರ ಕೆಳಗೇ. ಮ್ಯಾಕೆ ಮನೆ ಐತೆ ಅಂತ ನಮಗೆ ಗೊತ್ತಿತ್ತು. ನಾವು ಒಳಗೆ ಕಲ್ಲು ಒಡೀತಿದ್ರೆ ಮ್ಯಾಲೆ ಒನಕೆ ಕುಟ್ಟೋ ಸದ್ದು ಕೇಳ್ತಿತ್ತು.” ಅವನು ಬೆಂಚಿನ ಮೇಲೆ ಕುಸಿದು ಕೂತ. “ಮರದ ಕಂಬ ಕೊಟ್ಟು ಬಂದಿದ್ದೀವಿ. ಐವತ್ತು ವರ್ಷ ಆತು. ಮರ ಎಷ್ಟು ದಿನ ತಡೀತೈತೆ?”

ಮನುಷ್ಯರು ಮರೆಮಾಚಿದ್ದನ್ನು, ಆ ಊರನ್ನು ಎಂದೂ ಕಾಣದ ಯಂತ್ರವೊಂದು ಬರೀ ‘ಬೇಡ’ ‘ಬೇಡ’ ಎನ್ನುತ್ತಲೇ ಗೋಡೆಯ ಮೇಲೆ ಬರೆದಿತ್ತು.

ತಹಸೀಲ್ದಾರ್ ಹಾಲಸ್ವಾಮಿ ಕೆಟ್ಟ ಮನುಷ್ಯರಲ್ಲ. ಹಾವೇರಿಯ ಕಡೆಯವರು, ಹೊನ್ನೇಕಲ್ಲಿಗೆ ಬಂದು ಎಂಟು ತಿಂಗಳಾಗಿತ್ತು. ನಕ್ಷೆಯ ಫೋಟೋ ನೋಡಿದರು, ಬೋರಯ್ಯನ ಮಾತು ಕೇಳಿದರು, ಹಾಳೆಯನ್ನು ಎರಡು ಸಲ ಓದಿದರು.

“ನೋಡವಾ ತಂಗಿ, ಬ್ಯಾಂಕಿನವ್ರು ಕಾರ್ಡ್ ಕೊಡಲಿಲ್ಲ ಅಂತ ಊರು ಖಾಲಿ ಮಾಡಿಸಿದ್ರ ನನ್ನ ಮ್ಯಾಲಿನವ್ರು ಏನಂತಾರ? ಭೂವಿಜ್ಞಾನ ಇಲಾಖೆಗೆ ಇವತ್ತೇ ಪತ್ರ ಬರೀತೀನಿ. ಅವ್ರು ಬಂದು ನೋಡ್ಲಿ.”

“ಎಷ್ಟು ದಿನಕ್ಕೆ ಬರ್ತಾರೆ ಸಾರ್?”

“ಆರು ವಾರ ಆಗಬಹುದು.”

ಹಾಳೆಯ ಲೆಕ್ಕದಲ್ಲಿ ಉಳಿದದ್ದು ಮೂವತ್ತನಾಲ್ಕು ದಿನ. ಜಯಶೀಲ ಎದ್ದು ಹೋಗಲಿಲ್ಲ.

“ಸಾರ್, ನಿಮ್ಮ ಹತ್ರ ಕಾರ್ಡೈತಾ?”

“ಮೂರು ಅದಾವ.”

“ಇನ್ನೊಂದಕ್ಕೆ ಹಾಕಿ. ಕ್ವಾರ್ಟರ್ಸಿನ ವಿಳಾಸ ಕೊಟ್ಟು ಹಾಕಿ. ನಿಮ್ಮಂಥೋರಿಗೆ ಇಲ್ಲ ಅನ್ನಲ್ಲವಲ್ಲ?”

ಹಾಲಸ್ವಾಮಿ ನಕ್ಕು ಫೋನು ತೆಗೆದರು. ಈ ಹೆಂಗಸನ್ನು ಸಾಗಹಾಕಲು ಇದೇ ಸುಲಭವೆಂದುಕೊಂಡಿರಬೇಕು. ತುಂಬಿದರು, ಒತ್ತಿದರು. ಮೂರು ಸೆಕೆಂಡು. ಅವರ ಹುಬ್ಬು ಗಂಟಾಯಿತು. ಮತ್ತೆ ತುಂಬಿದರು. ಮತ್ತೆ ಮೂರು ಸೆಕೆಂಡು.

“ಒಂಬೈನೂರ ಎಂಬತ್ತು ಐತಿ ನನ್ನ ಅಂಕ,” ಎಂದರು, ಯಾರಿಗೆಂದಿಲ್ಲದೆ.

“ಈಗ ನಿಮ್ಮ ಊರಿನ ಮನೆ ವಿಳಾಸ ಕೊಡಿ ಸಾರ್.”

ಅವರು ಕೊಟ್ಟರು. ಅದೇ ಮನುಷ್ಯ, ಅದೇ ಸಂಬಳ, ಅದೇ ಹೆಬ್ಬೆರಳು. ‘ಅಭಿನಂದನೆಗಳು. ನಿಮ್ಮ ಕಾರ್ಡು ಮಂಜೂರಾಗಿದೆ.’

ತಹಸೀಲ್ದಾರರು ಫೋನನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟರು, ಜೋರಾಗಿ ಇಟ್ಟರೆ ಏನಾದರೂ ಆದೀತೆಂಬಂತೆ. ಕ್ವಾರ್ಟರ್ಸಿನಲ್ಲಿ ಅವರ ಹೆಂಡತಿಯೂ ನಾಲ್ಕು ವರ್ಷದ ಮಗಳೂ ಇದ್ದರು. ಅವರು ಮೊದಲು ಮಾಡಿದ ಕರೆ ಹೆಂಡತಿಗೆ. “ಕೂಸಿನ ಕರ್ಕೊಂಡು ಹೊರಗ ಬಾ. ಏನೂ ತಗೋಬ್ಯಾಡ. ಈಗಂದ್ರ ಈಗ.” ಎರಡನೆಯದು ಪೊಲೀಸ್ ಠಾಣೆಗೆ.

ಅಂದು ಮಧ್ಯಾಹ್ನ ಎರಡು ಗಂಟೆಗೆ ಧ್ವನಿವರ್ಧಕ ಕಟ್ಟಿದ ಜೀಪು ಬೀದಿಗಳಲ್ಲಿ ಸುತ್ತಿತು. ಕುಂಕುಮದ ಬೊಟ್ಟು ಬಿದ್ದ ಎಂಬತ್ತೆಂಟು ಮನೆಯವರೂ ಅವುಗಳ ನಡುವೆ ಇದ್ದವರೂ ಗುಡ್ಡದ ಮೇಲಿನ ಪ್ರೌಢಶಾಲೆಗೆ ಹೋಗಬೇಕು. ಶಾಲೆಯ ವಿಳಾಸಕ್ಕೆ ತಕ್ಕಡಿ ಕಾರ್ಡು ಕೊಟ್ಟಿತ್ತು, ಹೆಡ್‌ಮಾಸ್ತರರೇ ಅರ್ಜಿ ಹಾಕಿ ನೋಡಿದ್ದರು. ಜನ ಚಾಪೆ, ಸಿಲಿಂಡರು, ಟಿವಿ, ಕರು, ಎಲ್ಲ ಹೊತ್ತು ಹೊರಟರು. ಹೋಗುವಾಗ ಪ್ರತಿಯೊಬ್ಬರೂ ತಮ್ಮ ಹೊಸ್ತಿಲ ಕೆಳಗಿನ ನೆಲವನ್ನು ನೋಡಿಕೊಂಡರು. ಅದು ಎಂದಿನ ಹಾಗೇ ಇತ್ತು.

ಹನುಮಕ್ಕ ಮಾತ್ರ ಜಗಲಿ ಬಿಟ್ಟು ಏಳಲಿಲ್ಲ.

“ನಂಗೇನು ಯಾರೂ ಬ್ಯಾಡ ಅಂದಿಲ್ವಲ್ಲೇ ಶೀಲಾ. ನಿಮ್ಮನೆಗೆ ಅಂದೈತೆ, ನೀವು ಹೋಗಿ.”

“ನೀನು ಕೇಳಿಲ್ಲ, ಅದಕ್ಕೆ ಅಂದಿಲ್ಲ. ನಂದೂ ನಿಂದೂ ಒಂದೇ ಗೋಡೆ ಹನುಮಕ್ಕ. ನನ್ನ ಕಡೆ ಬಿದ್ರೆ ನಿನ್ನ ಕಡೆ ನಿಲ್ತದಾ?”

ಕೊನೆಗೆ ಪಾಲಯ್ಯ ಕೋಳಿಗಳನ್ನು ಬುಟ್ಟಿಗೆ ತುಂಬಿದ, ಜಯಶೀಲ ಮುದುಕಿಯ ಕೈಹಿಡಿದಳು. ಶಾಲೆಯ ಒಂಬತ್ತನೇ ತರಗತಿಯ ಕೋಣೆಯಲ್ಲಿ ಎರಡು ಮನೆಯವರೂ ಬಿಡಾರ ಹೂಡಿದರು.

ಒಂದು ದಿನ ಕಳೆಯಿತು. ಎರಡು ದಿನ ಕಳೆಯಿತು. ಏನೂ ಆಗಲಿಲ್ಲ. ಹಾಳೆಯ ಲೆಕ್ಕದಲ್ಲಿ ಇನ್ನೂ ಒಂದು ತಿಂಗಳು ಉಳಿದಿದ್ದರೂ ಗೊಣಗಾಟ ಶುರುವಾಯಿತು. ಶೇಷಗಿರಿ ಶೆಟ್ಟರು ಅಂಗಡಿಯ ಸಾಮಾನು ಇಲಿ ತಿನ್ನುತ್ತಿದೆ ಎಂದು ತಹಸೀಲ್ದಾರರ ಬಳಿ ಕೂಗಾಡಿದರು. ಜಯಶೀಲಳನ್ನು ಕಂಡರೆ ಕೆಲವರು ಮುಖ ತಿರುಗಿಸಿದರು. ಅವಳಿಗೂ ಒಳಗೊಳಗೆ ಅಳುಕು. ಯಂತ್ರ ತಪ್ಪಿದ್ದರೆ? ನಲವತ್ತೊಂದು ದಿನ ಎಂದದ್ದು ನಲವತ್ತೊಂದು ವರ್ಷವಾದರೆ?

ಮೂರನೆಯ ದಿನ ಬೆಳಿಗ್ಗೆ ಹತ್ತಕ್ಕೆ ಅವಳು ಪಂಪ್‌ಹೌಸಿನಲ್ಲಿದ್ದಳು. ಪರದೆಯ ಮೇಲೆ ಇಪ್ಪತ್ತನಾಲ್ಕು ವಾಲ್ವುಗಳ ಒತ್ತಡ ಇಪ್ಪತ್ತನಾಲ್ಕು ಗೆರೆಗಳಾಗಿ ನೆಟ್ಟಗೆ ಓಡುತ್ತಿತ್ತು. ಹದಿನೇಳನೆಯ ಗೆರೆ ಒಮ್ಮೆ ನಡುಗಿತು. ಮತ್ತೆ ನೆಟ್ಟಗಾಯಿತು. ಆಮೇಲೆ ಸೊನ್ನೆಗೆ ಬಿತ್ತು. ಹದಿನೆಂಟು ಬಿತ್ತು. ಇಪ್ಪತ್ತೊಂದು ಬಿತ್ತು. ಯಾವ ಸದ್ದೂ ಇರಲಿಲ್ಲ. ಜಯಶೀಲ ಎದ್ದು ನಿಂತಳು. ಆಗ ಸದ್ದು ಬಂತು. ಅದು ಸಿಡಿಲಿನ ಹಾಗಿರಲಿಲ್ಲ. ಬಹಳ ಕೆಳಗಿನಿಂದ, ದೊಡ್ಡ ಪ್ರಾಣಿಯೊಂದು ಮಗ್ಗುಲು ಬದಲಿಸಿ ನಿಟ್ಟುಸಿರು ಬಿಟ್ಟ ಹಾಗಿತ್ತು.

ಅವಳು ಓಡಿ ಹೋದಾಗ ಮೂರನೇ ಲೈನು ಇರಲಿಲ್ಲ. ತಕ್ಕಡಿಯ ಲೆಕ್ಕಕ್ಕಿಂತ ಒಂದು ತಿಂಗಳು ಮೊದಲೇ ನೆಲ ಕುಸಿದಿತ್ತು. ಅದು ಇದ್ದಲ್ಲಿ ಕೆಂಪು ಧೂಳಿನ ಒಂದು ಗೋಡೆ ಎದ್ದು ನಿಂತಿತ್ತು. ಧೂಳು ಇಳಿದ ಮೇಲೆ ಹಳ್ಳ ಕಂಡಿತು. ಗೋಡೆಯ ಮೇಲೆ ಅವಳು ಇಟ್ಟಿದ್ದ ಬೊಟ್ಟುಗಳ ಹಾಗೆಯೇ ಬಾಗಿ ಬಾಗಿ ಸಂತೆಮಾಳದ ಕಡೆಗೆ ಅದು ಹೋಗಿತ್ತು. ಬೊಟ್ಟು ಬಿದ್ದ ಒಂದು ಮನೆಯೂ ಉಳಿದಿರಲಿಲ್ಲ, ಬಿಳಿ ಚುಕ್ಕೆಯ ಒಂದು ಮನೆಯೂ ಬಿದ್ದಿರಲಿಲ್ಲ. ಅಂಚಿನಲ್ಲಿ ಒಡೆದ ಪೈಪುಗಳಿಂದ ನೀರು ಸುಮ್ಮನೆ ಒಳಗೆ ಸುರಿಯುತ್ತಿತ್ತು. ಅವಳ ಅಡುಗೆಮನೆಯ ನೀಲಿ ಗೋಡೆಯ ಒಂದು ತುಂಡು ಮೂವತ್ತಡಿ ಕೆಳಗೆ ಮೊಳೆಗೆ ನೇತುಹಾಕಿದ ಜರಡಿಯ ಸಮೇತ ನಿಂತಿತ್ತು. ಅವಳು ಅದನ್ನೇ ನೋಡಿದಳು. ಅಳು ಬರಲಿಲ್ಲ.

ಕಾವಲಿಗಿದ್ದ ಇಬ್ಬರು ಪೊಲೀಸರು ದೂರ ಓಡಿ ಬದುಕಿದ್ದರು. ಒಬ್ಬನ ಹಲ್ಲು ಕಟಕಟಿಸುತ್ತಿತ್ತು.

“ಅಜ್ಜಿ,” ಎಂದ ಅವನು. “ಬುಟ್ಟಿ ಹಿಡ್ಕಂಡು ಒಬ್ಬ ಅಜ್ಜಿ ಬಂದ್ಲು. ಒಂದು ಕೋಳಿ ಹಿಂದಕ್ಕೆ ಬಂದೈತೆ, ಹಿಡ್ಕಂಡು ಬತ್ತೀನಿ ಅಂದ್ಲು. ಬ್ಯಾಡ ಅಂದೆ. ನಂಗ್ಯಾರೂ ಬ್ಯಾಡ ಅಂದಿಲ್ಲ ಕಣಪ್ಪ ಅಂತ ನಕ್ಕಂಡು ಒಳಗೆ ಹೋದ್ಲು. ಅಷ್ಟೊತ್ತಿಗೆ...”

ಜಯಶೀಲ ಅಲ್ಲೇ ಮಣ್ಣಿನ ಮೇಲೆ ಕೂತುಬಿಟ್ಟಳು.

ಹನುಮಕ್ಕ ಸಿಗಲಿಲ್ಲ. ನಾಲ್ಕು ದಿನ ಹುಡುಕಿದ ಮೇಲೆ, ಕೆಳಗಿಳಿದವರ ಜೀವಕ್ಕೂ ಅಪಾಯವೆಂದು ನಿಲ್ಲಿಸಿದರು. ಮಾತು ದೇಶದ ತುಂಬ ಹಬ್ಬಿತು. ಎಂಬತ್ತೆಂಟು ಮನೆಯವರನ್ನು ಉಳಿಸಿದ ಯಂತ್ರವೆಂದು ತಕ್ಕಡಿಯನ್ನು ಕೆಲವರು ಹೊಗಳಿದರು. ಒಂದು ವರ್ಷದಿಂದ ಗೊತ್ತಿದ್ದೂ ಹೇಳದ ಯಂತ್ರವೆಂದು ಕೆಲವರು ಉಗಿದರು. ಪಾಲಯ್ಯನಿಗೆ ವರ್ಷದ ಹಿಂದೆಯೇ ಬಂದಿದ್ದ ‘ಬೇಡ’ ಪತ್ರಿಕೆಗಳಲ್ಲಿ ಬಂತು. ಪರಿಹಾರದ ಮಾತು, ಹೊಸ ಮನೆಗಳ ಮಾತು ನಡೆಯುತ್ತಲೇ ಇತ್ತು. ಜಯಶೀಲ ಉಳಿದ ಊರಿಗೆ ನೀರು ಬಿಡುತ್ತ, ಹೊತ್ತು ಮುಳುಗುವ ಮುಂಚೆ ಶಾಲೆಗೆ ಮರಳಿ ಹನುಮಕ್ಕನ ಐದು ಕೋಳಿಗಳಿಗೆ ಅಕ್ಕಿನುಚ್ಚು ಹಾಕುತ್ತ ಇದ್ದಳು.

ನೆಲ ಕುಸಿದ ಹನ್ನೆರಡನೆಯ ದಿನ ಮಧ್ಯಾಹ್ನ ರುಬೀನಾಳ ಕರೆ ಬಂತು.

“ಮೇಡಂ, ಆ ಕಾಲಂ ತೆಗೆದುಹಾಕಿದ್ದಾರೆ.”

“ಯಾವ ಕಾಲಂ?”

“ವಿಳಾಸದ ಬಾಳಿಕೆ. ಉಪಗ್ರಹದ ಮಾಹಿತಿ ಬರೋದನ್ನೇ ನಿಲ್ಲಿಸಿದ್ದಾರೆ. ವಕೀಲರು ಹೇಳಿದರಂತೆ, ಗೊತ್ತಿದ್ದೂ ಹೇಳಲಿಲ್ಲ ಅಂದರೆ ಕೇಸು ಬೀಳುತ್ತೆ, ಗೊತ್ತೇ ಇರಲಿಲ್ಲ ಅಂದರೆ ಬೀಳಲ್ಲ ಅಂತ. ಇವತ್ತಿಂದ ಅದಕ್ಕೆ ನೆಲ ಕಾಣೋದಿಲ್ಲ. ಎಲ್ಲರಿಗೂ ಕಾರ್ಡು ಸಿಗುತ್ತೆ.”

ಜಯಶೀಲ ಶಾಲೆಯ ಕೋಣೆಯ ಬಾಗಿಲು ಹಿಡಿದುಕೊಂಡಳು. ಅಂದು ಕುಸಿದದ್ದು ಮಣ್ಣು. ಇದನ್ನು ಮನುಷ್ಯರು ಕೂತು, ಯೋಚಿಸಿ, ಸಹಿ ಹಾಕಿ ಮಾಡಿದ್ದರು.

“ಬೇರೆ ಕಡೆ ಎಲ್ಲೆಲ್ಲಿ ಐತೆ ಹಿಂಗೆ?” ಕೊನೆಗೆ ಕೇಳಿದಳು.

“ಅಳಿಸೋಕೆ ಮುಂಚೆ ಪಟ್ಟಿ ನೋಡಿದೆ. ಇನ್ನೂರ ಹದಿಮೂರು ಜಾಗ. ಗಣಿ ಮಾತ್ರ ಅಲ್ಲ. ಹಳೇ ಕೆರೆ ಮುಚ್ಚಿ ಕಟ್ಟಿದ ಬಡಾವಣೆ, ಬಿರುಕು ಬಿಟ್ಟ ಏರಿ ಕೆಳಗಿನ ಊರು. ಬರೆದುಕೊಳ್ಳೋಕೆ, ಫೋಟೋ ತೆಗೆಯೋಕೆ ಬಿಡಲ್ಲ ಇಲ್ಲಿ. ಮೂರು ದಿನ ಊಟಕ್ಕೆ ಹೋಗದೆ ಬಾಯಿಪಾಠ ಮಾಡಿದೆ. ಮೂವತ್ತೊಂದು ನೆನಪಿದೆ. ಅಷ್ಟೇ ಆಯ್ತು. ನಾಳೆಗೆ ಇನ್ನೂ ಕಡಿಮೆಯಾಗುತ್ತೆ, ಅದಕ್ಕೆ ಈಗಲೇ ಫೋನು ಮಾಡಿದೆ.”

“ಹೇಳಮ್ಮ. ನಿಧಾನಕ್ಕೆ ಹೇಳು.”

ಜಯಶೀಲ ಕರಿಹಲಗೆಯ ಮೇಲಿದ್ದ ಯಾವುದೋ ಹಳೆಯ ಲೆಕ್ಕವನ್ನು ಸೆರಗಿನಿಂದ ಒರೆಸಿ ಸೀಮೆಸುಣ್ಣ ಕೈಗೆತ್ತಿಕೊಂಡಳು. ರುಬೀನಾ ಮಗ್ಗಿ ಒಪ್ಪಿಸುವ ಹಾಗೆ ಹೇಳುತ್ತ ಹೋದಳು. ಕರಡಿಬಂಡೆ, ಎರಡನೇ ಅಡ್ಡರಸ್ತೆ. ಮಾವಿನಕುಂಟೆ ಬಡಾವಣೆ, ಕೆರೆಯಂಗಳದ ಬದಿ. ಒಂದೊಂದರ ಮುಂದೆ ಉಳಿದ ದಿನಗಳ ಸಂಖ್ಯೆ. ಕೆಲವದರ ಮುಂದೆ ಸಾವಿರಗಟ್ಟಲೆ. ಒಂದರ ಮುಂದೆ ಹದಿನಾರು. ಪಾಲಯ್ಯ ಬಂದು ಬಾಗಿಲಲ್ಲಿ ನಿಂತ. ಏನೆಂದು ಕೇಳಲಿಲ್ಲ, ಹಲಗೆ ಓದುತ್ತ ಹೋದವನು ಒಂದು ಕುರ್ಚಿ ಎಳೆದು ಹೆಂಡತಿಯ ಪಕ್ಕ ಹಾಕಿದ.

ಮೂವತ್ತೊಂದೂ ಮುಗಿದ ಮೇಲೆ ಅವಳು ಹದಿನಾರರ ಊರನ್ನು ಮೊದಲು ಹಿಡಿದಳು. ಅಲ್ಲಿನ ಪಂಚಾಯಿತಿಗೆ ಫೋನು ಮಾಡಿ ನೀರಗಂಟಿಯ ನಂಬರು ಕೇಳಿದಳು. ಅಧಿಕಾರಿಗಳಿಗೆ ಆಮೇಲೆ ಮಾಡಿದರಾಯಿತು. ಊರಿನ ನೆಲ ಗೊತ್ತಿರುವುದು ಅದನ್ನು ದಿನಾ ಅಗೆಯುವವನಿಗೆ. ನಾಲ್ಕನೇ ಸಲಕ್ಕೆ ಒಬ್ಬ ಗಂಡಸು ಫೋನೆತ್ತಿದ. ಹಿಂದೆ ನೀರು ಹರಿಯುವ ಸದ್ದು ಕೇಳುತ್ತಿತ್ತು.

“ಯಾರು?”

“ಅಣ್ಣಾ, ನಾನು ಹೊನ್ನೇಕಲ್ಲಿಂದ ಮಾತಾಡ್ತಿರೋದು. ನಾನೂ ನಿಮ್ಮ ಹಂಗೇ ನೀರು ಬಿಡೋಳು.”

“ಹೊನ್ನೇಕಲ್ಲು ಅಂದ್ರೆ, ಮೊನ್ನೆ ಭೂಮಿ ಬಾಯಿಬಿಡ್ತಲ್ಲ, ಆ ಊರಾ?”

“ಹೂಂ ಅಣ್ಣ, ಅದೇ.”

ಆ ಕಡೆ ನಲ್ಲಿ ನಿಲ್ಲಿಸಿದ ಸದ್ದಾಯಿತು.

“ಹೇಳು ತಂಗಿ,” ಎಂದ ಅವನು. “ಏನು ವಿಷಯ?”